ಕೆಟಲಿನಲ್ಲಿ ಕುದಿದ ಕಲ್ಲು

ಮಾರ್ಚ್ 3

ಪ್ರೀತಿಯ ಮಾವ,

ಗಟ್ಟಿ ಒಡೆಯದೆ ಹೊರಬಂದಿದೆ. ಹೀಗೆಂದು ಮೊದಲು ತಿಳಿಸಿದವನು ನಮ್ಮ ಉದ್ದಕೈ.

ಉದ್ದಕೈ ಅಂದರೆ ಅಡ್ಡಹೆಸರು. ಮಾರುದ್ದ ದಪ್ಪದ ಹಳದಿ ಗಾಜಿನ ಈಚೆ ನಿಂತು, ಆಚೆ ಕೋಣೆಯೊಳಗಿನ ಕೆಲಸವನ್ನೆಲ್ಲ ಉಕ್ಕಿನ ಕೈಗಳಿಂದ ಮಾಡುವ ಮನುಷ್ಯ ಅವನು. ಬೇರೆ ಕಡೆ 'ಕೈ ಉದ್ದ' ಅಂದರೆ ಬೈಗುಳ, ನಮ್ಮಲ್ಲಿ ಹುದ್ದೆ.

ನೋಡಿ, ಸುದ್ದಿ ಮೊದಲು, ಹೇಳಿದವರು ಆಮೇಲೆ. ಸುದ್ದಿಮನೆಯಲ್ಲಿ ಒಂದಿಡೀ ಆಯುಷ್ಯ ಬೇರೆಯವರ ವರದಿ ತಿದ್ದಿದ ನೀವು ನನಗೆ ಅಕ್ಷರ ಕಲಿಸುವಾಗಲೇ ಇದನ್ನೂ ಕಲಿಸಿದಿರಿ. ಮೊದಲ ಸಾಲಿಗೆ ಹೊಸ ಸಂಗತಿ, ಎರಡನೆಯದಕ್ಕೆ ಅದನ್ನು ಹೇಳಿದವರು, ಕೊನೆಯ ಸಾಲಿಗೆ ಮುಂದೇನು ಎಂಬುದು. ಖಚಿತವಾಗದ್ದು ಬೇಡ, ವಿಶೇಷಣ ಬೇಡ. 'ಸುಂದರವಾದ ಬೆಕ್ಕು ಹಾಲು ಕುಡಿಯಿತು' ಎಂದು ನಾನು ಬರೆದಾಗ 'ಸುಂದರವಾದ' ಹೊಡೆದು, ಪಕ್ಕದಲ್ಲಿ 'ಯಾರ ಹಾಲು?' ಎಂದು ಕೆಂಪು ಶಾಯಿಯಲ್ಲಿ ಕೇಳಿದವರು ನೀವು. ಫೋನಿಗೆ ನಿಮ್ಮ ಕಿವಿ ಒಗ್ಗದಿರುವುದೂ ಒಳ್ಳೆಯದೇ ಆಯಿತು. ಫೋನಿನಲ್ಲಿ ನಾನು ಮೊದಲ ಸಾಲಿಗೆ ಬರುವುದಕ್ಕೇ ಹತ್ತು ನಿಮಿಷ ಬೇಕು.

ಈಗ ವಿವರ. ಅಣು ವಿದ್ಯುತ್ ಸ್ಥಾವರದಲ್ಲಿ ಬಳಸಿ ಉಳಿದ ಇಂಧನದಿಂದ ಬಂದ ವಿಕಿರಣದ ದ್ರವ ನಾನು ಹುಟ್ಟುವ ಮೊದಲಿನಿಂದಲೂ ಇಲ್ಲಿನ ಉಕ್ಕಿನ ತೊಟ್ಟಿಗಳಲ್ಲಿ ಕೂತಿದೆ. ದ್ರವ ಅಂದಮೇಲೆ ಸೋರುವ ಭಯ ಇದ್ದೇ ಇದೆ. ಅದನ್ನು ಕಲ್ಲು ಮಾಡುವುದು ನಮ್ಮ ಕೆಲಸ. ಕೆಲವು ಖನಿಜದ ಪುಡಿಗಳ ಜೊತೆ ಕಲಸಿ, ಒಣಗಿಸಿ, ಹುರಿದು, ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆಗಳಿರುವ ಉಕ್ಕಿನ ಡಬ್ಬಿಗೆ ತುಂಬುತ್ತೇವೆ. ಗಾಳಿ ತೆಗೆದು ಬಾಯಿ ಬೆಸೆಯುತ್ತೇವೆ. ಆಮೇಲೆ ಪ್ರೆಸ್ಸಿನೊಳಗಿಟ್ಟು ಕೆಂಡದ ಕಾವಿನಲ್ಲಿ ಎಲ್ಲ ಕಡೆಯಿಂದಲೂ ಒತ್ತಿದರೆ ಡಬ್ಬಿ ತಿದಿಯಂತೆ ಮಡಚಿಕೊಂಡು ಅರ್ಧಕ್ಕೆ ಕುಗ್ಗುತ್ತದೆ. ಒಳಗಿನ ಪುಡಿ ಕಪ್ಪು ಪಿಂಗಾಣಿಯ ಗಟ್ಟಿಯಾಗುತ್ತದೆ. ಆ ಪ್ರೆಸ್ಸಿನ ಕೋಣೆಗೆ ಈಗ ನಾನೇ ಮುಖ್ಯಸ್ಥೆ. ನೀವು ಪ್ರೆಸ್ಸಿನವರು, ನಾನೂ ಪ್ರೆಸ್ಸಿನವಳೇ.

ಮೊನ್ನೆ ಒತ್ತಿದ್ದು ತಾಲೀಮಿನ ಗಟ್ಟಿ. ಪಾಕ ಅದೇ, ಆದರೆ ವಿಕಿರಣವಿರುವ ಧಾತುಗಳ ಬದಲು ವಿಕಿರಣವಿಲ್ಲದ ಅವುಗಳ ಒಡಹುಟ್ಟುಗಳನ್ನು ಹಾಕಿದ್ದೆವು. ಅದರಿಂದ ಕೊಯ್ದ ಒಂದು ಬಿಲ್ಲೆಯನ್ನು ನಿಮ್ಮ ಮೇಜಿನ ಕಾಗದ ಹಾರದಿರಲಿ ಎಂದು ಕಳಿಸುತ್ತಿದ್ದೇನೆ. ತಪಾಸಣೆಯವರ ಚೀಟಿ ಜೊತೆಗಿದೆ. ಅತ್ತೆಗೆ ಅದನ್ನು ಮೊದಲು ತೋರಿಸಿ, ಆಮೇಲೆ ಬಿಲ್ಲೆ.

ನಿಜವಾದದ್ದನ್ನು ಒತ್ತಲು ಇನ್ನು ಎರಡು ಒಪ್ಪಿಗೆ ಬೇಕು. ಒಂದು, ಈ ತಾಲೀಮಿನ ಗಟ್ಟಿ ಎಲ್ಲ ಪರೀಕ್ಷೆಗಳಲ್ಲಿ ಪಾಸಾಗಬೇಕು. ಇನ್ನೊಂದು ನಿಮ್ಮ ಊರಿನದು. ಗಟ್ಟಿಗಳನ್ನು ಇಡಬೇಕೆಂದಿರುವುದು ನಿಮ್ಮ ಊರ ಹಿಂದಿನ ಗುಡ್ಡದ ಆಳದಲ್ಲಿ. ಇಡಲು ಜಾಗವಿಲ್ಲದೆ ಒತ್ತುವಂತಿಲ್ಲ ಎಂಬುದು ನಿಯಮ. ಈ ದಿನಕ್ಕೆ ನಾನು ಒಂಬತ್ತು ವರ್ಷದಿಂದ ಕಾದಿದ್ದೇನೆ ಮಾವ. ಒತ್ತಿದರೆ ಅದು ಲಕ್ಷಾಂತರ ವರ್ಷ ಗಟ್ಟಿಯಾಗಿ ಕೂತಿರುತ್ತದೆ.

ಮುಂದಿನ ಹಂತ: ನಿಜವಾದ ತ್ಯಾಜ್ಯದ ಮೊದಲ ಒತ್ತು, ಜೂನ್ 2.

ನಿಮ್ಮ,
ಗುಬ್ಬಿ


ಮಾರ್ಚ್ 12

ಪ್ರೀತಿಯ ಗುಬ್ಬಿ,

ಬಿಲ್ಲೆ ತಲುಪಿದೆ. ಅಂಚೆಯವರಿಂದ ಪಡೆದುಕೊಂಡವಳು ನಿನ್ನ ಅತ್ತೆ. ಇಕ್ಕಳದಲ್ಲಿ ಪಡೆದುಕೊಂಡಳು.

"ಅದನ್ನ ಮೊದ್ಲು ಹಿತ್ತಲಲ್ಲಿಡಿ," ಅಂದಳು.

"ಗುಬ್ಬಿ ಕಳ್ಸಿದ್ದು ಕಣೆ. ಚೀಟಿ ಓದು. ವಿಕಿರಣ ಇಲ್ಲ ಅಂತ ಬರ್ದಿದೆ."

"ಗುಬ್ಬಿ ಮೇಲೆ ಅನುಮಾನ ಇಲ್ಲ. ಅವಳ ಮರೆವಿನ ಮೇಲೆ ಅನುಮಾನ. ಎರಡು ಕಾಲಿಗೆ ಎರಡು ಬಣ್ಣದ ಚಪ್ಪಲಿ ಹಾಕ್ಕೊಂಡು ನಮ್ಮ ಮದ್ವೆಗೆ ಬಂದೋಳು. ಬೇರೆ ಬಿಲ್ಲೆ ಹಾಕಿ ಕಳ್ಸಿದ್ರೆ?"

ಆಗ ನಿನಗೆ ಐದು ವರ್ಷ ಎಂದು ನೆನಪಿಸಿದೆ. ಅದು ವಾದವಾಗಲಿಲ್ಲ. ಒಂದು ವಾರ ಬಿಲ್ಲೆ ಹಿತ್ತಲ ಕಟ್ಟೆಯ ಮೇಲಿತ್ತು. ಬೆಕ್ಕು ಅದಕ್ಕೆ ಒರಗಿ ಬಿಸಿಲು ಕಾಯಿಸುವುದನ್ನು ನೋಡಿದ ಮೇಲೆ ಒಳಗೆ ಬರಲು ಅನುಮತಿ ಸಿಕ್ಕಿತು. ಈಗ ನನ್ನ ಮೇಜಿನ ಮೇಲಿದೆ.

ನಿನ್ನ ಪತ್ರದಲ್ಲಿ ಒಂದು ತಿದ್ದುಪಡಿ. 'ಲಕ್ಷಾಂತರ ವರ್ಷ ಗಟ್ಟಿಯಾಗಿ ಕೂತಿರುತ್ತದೆ' ಎಂದಿದ್ದೀಯ. ಮೂಲ ಯಾರು? ಕಂಡವರು ಯಾರು? ಇನ್ನೂ ಆಗದ ಸಂಗತಿಯನ್ನು ಆದಂತೆ ಬರೆದ ಎಳೆಯ ವರದಿಗಾರರನ್ನು ನಾನು ಎಷ್ಟು ಸಲ ವಾಪಸು ಕಳಿಸಿದ್ದೇನೋ ಲೆಕ್ಕವಿಲ್ಲ. ಇನ್ನೂ ಒಂದು. ಗಾಜಿನಲ್ಲಿ ಕರಗಿಸಿ ಇಡುವುದು ಹಳೆಯ ಕ್ರಮ ಎಂದು ಓದಿದ್ದೇನೆ. ಗಾಜು ಬಿಟ್ಟು ಪಿಂಗಾಣಿ ಯಾಕೆ? ಮತ್ತೆ, ಹಿಡಿದದ್ದು ಹಿಡಿದೇ ಇದೆ ಎಂದು ನಮ್ಮಂಥವರು ಮನೆಯಲ್ಲಿ ಕೂತು ತಿಳಿಯುವುದು ಹೇಗೆ?

ಇದೆಲ್ಲ ಬರೀ ಕುತೂಹಲಕ್ಕೆ. ನಿವೃತ್ತನಾದವನಿಗೆ ಬೇರೆ ಕೆಲಸವೇನು?

ಮುಂದಿನ ಹಂತ: ನಿನ್ನ ಉತ್ತರ.

ನಿನ್ನ ಮಾವ


ಮಾರ್ಚ್ 20

ಪ್ರೀತಿಯ ಮಾವ,

ಮೂಲ ಸಿಕ್ಕಿದೆ. ಸಾಕ್ಷಿ ಹೇಳುತ್ತಿರುವುದು ಬಂಡೆ.

ನಾವು ಮಾಡುವ ಪಿಂಗಾಣಿಯೊಳಗಿನ ಹರಳುಗಳು ನಮ್ಮ ಕಲ್ಪನೆಯಲ್ಲ. ಅಂಥವೇ ಹರಳುಗಳು ನೆಲದಲ್ಲಿ ಸಿಗುತ್ತವೆ. ಮಳೆ, ಬಿಸಿನೀರ ಬುಗ್ಗೆ, ಭೂಕಂಪ ಎಲ್ಲ ಕಂಡು, ಕೋಟ್ಯಂತರ ವರ್ಷಗಳಿಂದ ತಮ್ಮೊಳಗಿನ ಯುರೇನಿಯಮ್ಮನ್ನು ಬಿಡದೆ ಹಿಡಿದಿವೆ. ಅವುಗಳ ಅಡುಗೆಯನ್ನು ನೋಡಿ ನಾವು ನಕಲು ಮಾಡಿದ್ದು ಅಷ್ಟೇ. ಆದ್ದರಿಂದ ವಾಕ್ಯವನ್ನು ಹೀಗೆ ತಿದ್ದಿಕೊಳ್ಳಿ: 'ಇಂಥ ಹರಳುಗಳು ಕೋಟ್ಯಂತರ ವರ್ಷ ಹಿಡಿದಿಟ್ಟಿರುವುದು ಬಂಡೆಗಳಲ್ಲಿ ಕಂಡುಬಂದಿದೆ.' ಈಗ ಅಚ್ಚಿಗೆ ಹೋಗಬಹುದೇ?

ಗಾಜು ಕೆಟ್ಟದ್ದಲ್ಲ. ಆದರೆ ಅದು ಕಾಯ್ದಿರಿಸದ ರೈಲುಡಬ್ಬಿಯ ಹಾಗೆ. ಎಲ್ಲರನ್ನೂ ಒಳಗೆ ನೂಕಿ ಬಾಗಿಲು ಹಾಕುತ್ತದೆ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ನಿಲ್ಲಬೇಕು. ಪಿಂಗಾಣಿಯ ಹರಳಿನಲ್ಲಿ ಒಂದೊಂದು ಧಾತುವಿಗೂ ಅದರ ಅಳತೆಯದೇ ಸೀಟು. ಸೀಸಿಯಂ ಕೂರುವ ಕಡೆ ಸ್ಟ್ರಾನ್ಷಿಯಂ ಕೂರುವುದಿಲ್ಲ. ಸೀಟು ಸಿಕ್ಕವನು ನಿಲ್ದಾಣ ಬಂದರೂ ಏಳುವುದಿಲ್ಲ, ನೀವೇ ನೋಡಿದ್ದೀರಿ.

ಮನೆಯಲ್ಲಿ ಪರೀಕ್ಷೆ ಬೇಕೆಂದರೆ ಮಾಡಿ. ಬಿಲ್ಲೆಯನ್ನು ಬ್ಯಾಟರಿಗೆ ಹಾಕುವ ಭಟ್ಟಿ ಇಳಿಸಿದ ನೀರಿನಲ್ಲಿ ಕುದಿಸಿ, ಚೆನ್ನಾಗಿ ಒಣಗಿಸಿ, ತೂಗಿಸಿ. ಮತ್ತೆ ಕುದಿಸಿ, ಮತ್ತೆ ತೂಗಿಸಿ. ನಾವೂ ಇಲ್ಲಿ ಮಾಡುವುದು ಹೆಚ್ಚುಕಡಿಮೆ ಅದನ್ನೇ. ನಿಮ್ಮ ಚಿನ್ನದಂಗಡಿಯ ಗೆಳೆಯರ ತಕ್ಕಡಿ ಬಹಳ ಸೂಕ್ಷ್ಮ, ಆದರೂ ಅದಕ್ಕೆ ಏನೂ ಕಾಣಿಸುವುದಿಲ್ಲ. ಏನೂ ಆಗಲಿಲ್ಲ ಎಂಬುದೇ ನಮ್ಮ ಕೆಲಸದಲ್ಲಿ ದೊಡ್ಡ ಸುದ್ದಿ. ಅಂಥ ಸುದ್ದಿಯನ್ನು ನೀವು ಕಸದ ಬುಟ್ಟಿಗೆ ಹಾಕುತ್ತಿದ್ದಿರಿ ಎಂದು ಗೊತ್ತು.

ನಮ್ಮ ಮೇಲಿನವರಿಗೆ, ಪೆಪ್ಪರ್‌ಮಿಂಟ್ ಮೇಡಂಗೆ, ನಿಮ್ಮ ಇಕ್ಕಳದ ಕಥೆ ಹೇಳಿದೆ. ಆ ಹೆಸರು ಬಂದದ್ದು ಬಾಯಲ್ಲಿ ಸದಾ ಒಂದು ಪೆಪ್ಪರ್‌ಮಿಂಟ್ ಇರುತ್ತದೆಂದು. "ನಿಮ್ಮ ಅತ್ತೇನ ನಮ್ಮ ಸುರಕ್ಷತಾ ವಿಭಾಗಕ್ಕೆ ಕರ್ಕೊಂಬನ್ನಿ, ಇಲ್ಲಿರೋರು ಇಷ್ಟು ಜಾಗ್ರತೆ ಇಲ್ಲ," ಅಂದರು.

ಮುಂದಿನ ಹಂತ: ನಿಮ್ಮ ಮೊದಲ ತೂಕ.

ಗುಬ್ಬಿ


ಏಪ್ರಿಲ್ 26

ಪ್ರೀತಿಯ ಗುಬ್ಬಿ,

ಬಿಲ್ಲೆಯ ತೂಕ ಹೆಚ್ಚಿದೆ. ತೂಗಿದವರು ಚಿನ್ನದಂಗಡಿಯ ಗೆಳೆಯರು. ಎರಡು ಸಲ ತೂಗಿದರು.

ಕುದಿಸುವ ಮೊದಲು 31.240 ಗ್ರಾಂ. ಈಗ 31.322 ಗ್ರಾಂ. ದಿನವೂ ಕುದಿಸಿ, ಒಣಗಿಸಿ, ವಾರಕ್ಕೊಮ್ಮೆ ತೂಗಿಸಿದ್ದೇನೆ. ಮೊದಲ ಎರಡು ವಾರ ಕದಲಲಿಲ್ಲ. ಆಮೇಲೆ ಪ್ರತಿ ವಾರವೂ ಏರಿದೆ.

"ಕುದಿಸಿದ್ರೆ ತೂಕ ಹೆಚ್ಚೋ ಕಲ್ಲು ನನ್ ಹತ್ರ ಇದ್ದಿದ್ರೆ," ಎಂದು ಗೆಳೆಯರು ಹೇಳಿದರು, "ನಾನು ಇಷ್ಟೊತ್ತಿಗೆ ಅಂಗಡಿ ಮುಚ್ಚಿ ಕಾಲು ಚಾಚ್ಕೊಂಡು ಕೂತಿರ್ತಿದ್ದೆ."

ಅಂಕಿ ಮಾತ್ರ ಬರೆದಿದ್ದೇನೆ. ಅಭಿಪ್ರಾಯ ನನ್ನದಲ್ಲ, ನಿನ್ನದು.

ಮುಂದಿನ ತೂಕ: ಮೇ 3.

ಮಾವ


ಮೇ 3

ಪ್ರೀತಿಯ ಮಾವ,

ನಿಮ್ಮ ಅಂಕಿಗಳು ತಲುಪಿವೆ. ಪರಿಶೀಲನೆಯಲ್ಲಿವೆ.

ಬಿಲ್ಲೆಯನ್ನು ಇನ್ನು ಕುದಿಸಬೇಡಿ. ಒಣ ಬಟ್ಟೆಯಲ್ಲಿ ಸುತ್ತಿ ತೆಗೆದಿಡಿ.

ಇಲ್ಲಿ ಎಲ್ಲ ಸೌಖ್ಯ. ಉದ್ದಕೈ ಹೊಸಬರಿಗೆ ತರಬೇತಿ ಕೊಡುತ್ತಿದ್ದಾನೆ. ಉಕ್ಕಿನ ಕೈಗಳಿಂದ ಮೊಟ್ಟೆ ಎತ್ತಿ ಬಟ್ಟಲಲ್ಲಿ ಇಡಬೇಕು, ಒಡೆಯಬಾರದು. ನಿನ್ನೆ ಒಂದು ತಟ್ಟೆ ಮೊಟ್ಟೆ ಒಡೆದವು. ಕ್ಯಾಂಟೀನಿನವರು ಬೈದರು. ಹವೆ ಚೆನ್ನಾಗಿದೆ. ಅತ್ತೆಯ ಕೈ ನೋವು ಹೇಗಿದೆ?

ಮುಂದಿನ ಹಂತ: ತಿಳಿಸುತ್ತೇನೆ.

ಗುಬ್ಬಿ


ಮೇ 14

ಪ್ರೀತಿಯ ಗುಬ್ಬಿ,

ಮೊದಲ ಒತ್ತನ್ನು ಮುಂದೂಡಲಾಗಿದೆ. ಇದನ್ನು ವರದಿ ಮಾಡಿದ್ದು ನೀನಲ್ಲ, ಇವತ್ತಿನ ಪತ್ರಿಕೆಯ ಐದನೇ ಪುಟ. 'ತಾಂತ್ರಿಕ ಕಾರಣಗಳಿಂದ' ಎಂದಿದೆ.

ನಿನ್ನ ಹಿಂದಿನ ಪತ್ರವನ್ನು ಮತ್ತೆ ತೆಗೆದು ಓದಿದೆ. 'ಪರಿಶೀಲನೆಯಲ್ಲಿವೆ.' ಕಚೇರಿಗಳು ಈ ಮಾತು ಹೇಳಿದಾಗಲೆಲ್ಲ ಒಳಗೆ ಏನೋ ಸುಡುತ್ತಿರುತ್ತದೆ ಎಂದು ನನ್ನ ಅನುಭವ. ಹವೆ ಚೆನ್ನಾಗಿದೆ ಎಂದೂ ಬರೆದಿದ್ದೀಯ. ನೀನು ಹುಟ್ಟಿದ ಮೇಲೆ ನನಗೆ ಹವೆಯ ವಿಚಾರ ಬರೆದದ್ದು ಇದೇ ಮೊದಲು. ಕೊನೆಯ ಸಾಲಿನಲ್ಲಿ ತಾರೀಖೂ ಇಲ್ಲ.

ನಾನೂ ನಿನಗೆ ಒಂದು ವಿಷಯ ಹೇಳಿರಲಿಲ್ಲ. ಗುಡ್ಡದಲ್ಲಿ ಗಟ್ಟಿ ಇಡಬಹುದೇ ಬೇಡವೇ ಎಂದು ತೀರ್ಮಾನಿಸುವ ಊರ ಸಮಿತಿಗೆ ಚೀಟಿ ಎತ್ತಿ ಹನ್ನೊಂದು ಜನರನ್ನು ಆರಿಸಿದರು. ನಿನ್ನ ಬಿಲ್ಲೆ ಹಿತ್ತಲಲ್ಲಿದ್ದ ವಾರದಲ್ಲೇ ನನ್ನ ಹೆಸರೂ ಬಂತು. ಅಲ್ಲಿ ಪ್ರೆಸ್ಸು ನಡೆಸುವವಳು ನನ್ನ ಅಕ್ಕನ ಮಗಳು, ನಾನು ಹಿಂದೆ ಸರಿಯುತ್ತೇನೆ ಎಂದು ಮೊದಲ ಸಭೆಯಲ್ಲೇ ಹೇಳಿದೆ. ಔಷಧಿ ಅಂಗಡಿಯಾಕೆ ಎದ್ದು ನಿಂತರು. "ಕೂತ್ಕೊಳ್ಳಿ ಸಾರ್. ನಿಮಗೆ ಸುಳ್ಳು ಹೇಳಕ್ಕೆ ಬರಲ್ಲ, ನೀವು ಬರೀತಿದ್ದ ಪೇಪರ್ ಓದಿದೋರಿಗೆಲ್ಲ ಗೊತ್ತು. ಅಷ್ಟು ಸಪ್ಪೆ ಇರ್ತಿತ್ತು." ಎಲ್ಲರೂ ಚಪ್ಪಾಳೆ ತಟ್ಟಿದರು. ಹೊಗಳಿಕೆಯೋ ಅಲ್ಲವೋ ತಿಳಿಯದೆ ಕೂತೆ. ಬಿಲ್ಲೆಯನ್ನು ಅಷ್ಟು ಶ್ರದ್ಧೆಯಿಂದ ಕುದಿಸಿದ್ದು ಅದಕ್ಕೇ. ನಿನಗೆ ಹೇಳಿದ್ದರೆ ನೀನು ಮಾವನಿಗೆ ಬರೆಯುತ್ತಿರಲಿಲ್ಲ, ಸಮಿತಿಯವನಿಗೆ ಬರೆಯುತ್ತಿದ್ದೆ.

ಈಗ ಐವರು ಹೂಂ ಅನ್ನುತ್ತಾರೆ, ಐವರು ಉಹೂಂ. ಹನ್ನೊಂದನೆಯವನು ನಾನು.

ನನ್ನ ಕೈಯಲ್ಲಿ ಎರಡು ಮೂಲಗಳಿವೆ. ಒಂದು ತಕ್ಕಡಿ. ಇನ್ನೊಂದು ನಿಮ್ಮ ಮುಂದೂಡಿಕೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮೂಲಗಳು ಒಂದೇ ಮಾತು ಹೇಳಿದರೆ ಅದನ್ನು ನಂಬಬೇಕು ಎಂದು ನಾನೇ ನಿನಗೆ ಕಲಿಸಿದ್ದು. ಕಲ್ಲಿನಲ್ಲಿ ದೋಷವಿದೆ. ನಿನ್ನ ಒಂಬತ್ತು ವರ್ಷಗಳನ್ನು ಬಲ್ಲೆ, ಈ ಸಾಲು ಬರೆಯಲು ಬೆಳಗಿನಿಂದ ಕೂತಿದ್ದೇನೆ. ಆದರೂ ನಾನು ಬೇಡ ಅನ್ನಬೇಕಾಗುತ್ತದೆ.

ಮುಂದಿನ ಹಂತ: ಸಮಿತಿಯ ಮತದಾನ, ಮೇ 25.

ಮಾವ

ಗುಬ್ಬಿ, ನಾನು ನಿನ್ ಅತ್ತೆ. ಅಂಟಿಸಿ ಅಂಚೆಗೆ ಹಾಕು ಅಂತ ಕೊಟ್ಟಿದಾರೆ, ಅಂಟಿಸೋ ಮುಂಚೆ ನಂದೂ ಎರಡು ಮಾತು. ಇವರು ಎರಡು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ. ನಿನ್ ಕಲ್ಲನ್ನ ವಾಪಸ್ ತಗೊಂಡ್ಬಿಡಮ್ಮ. ಆ ಬ್ಯಾಟರಿ ನೀರು ಎರಡು ವಾರಕ್ಕೇ ಮುಗೀತು, ಆಮೇಲಿಂದ ನನ್ನ ಚಹಾ ಕೆಟಲಿಗೇ ಹಾಕಿ ನಲ್ಲಿ ನೀರಲ್ಲಿ ಕುದಿಸಿದಾರೆ. ಈ ಊರ ನೀರು ನಿಂಗೆ ಗೊತ್ತಲ್ಲ, ಕೆಟಲ್ ಒಳಗೆಲ್ಲ ಬಿಳೀ ಹಕ್ಕಳೆ ಕಟ್ಟುತ್ತೆ. ಉಜ್ಜಿ ಉಜ್ಜಿನೇ ನನ್ ಕೈ ನೋವು ಬಂದಿದ್ದು. ನಿನ್ ಕಲ್ಲೂ ಈಗ ಕಪ್ಪಗಿಲ್ಲ, ಇವರ ತಲೆ ಥರ ನರೆತುಹೋಗಿದೆ.


ಮೇ 18

ನನ್ನ ಪ್ರೀತಿಯ, ಮಹಾನ್, ಸಪ್ಪೆ ಮಾವ,

ಕಲ್ಲಿನಲ್ಲಿ ದೋಷವಿಲ್ಲ! ಮೂಲ: ಅತ್ತೆ.

ವಿಶೇಷಣ ಹೊಡೆದುಹಾಕಿ, ಪರವಾಗಿಲ್ಲ. ನಾನು ಇವತ್ತು ಎಷ್ಟು ಬೇಕಾದರೂ ಬರೆಯುತ್ತೇನೆ.

ಏನಾಯಿತು ಎಂದು ಕೇಳಿ. ನೀರಿನಲ್ಲಿ ಕುದಿಸಿದ ಪಿಂಗಾಣಿ ತೂಕ ಹೆಚ್ಚಿದರೆ ಅದಕ್ಕೆ ನಮ್ಮಲ್ಲಿ ಒಂದೇ ಅರ್ಥ. ಒಳಗೆ ಸಣ್ಣ ಸಣ್ಣ ರಂಧ್ರಗಳಿವೆ, ನೀರು ಒಳಗೆ ಹೋಗಿದೆ, ಒತ್ತು ಸರಿಯಾಗಿಲ್ಲ. ಭಟ್ಟಿ ಇಳಿಸಿದ ನೀರು ಎಂದು ನಾನು ಹೇಳಿದ್ದೆ, ನೀವು ಹೇಳಿದ್ದನ್ನು ಮಾಡುವವರು, ಹಾಗಾಗಿ ನೀರಿನ ಬಗ್ಗೆ ನನಗೆ ಅನುಮಾನವೇ ಬರಲಿಲ್ಲ. ನಮ್ಮ ಪ್ರೆಸ್ ಕೋಣೆಯಲ್ಲಿ ಒಂದು ಕೆಂಪು ಹಲಗೆ ಇದೆ. ಯಾರಿಗೇ ಆಗಲಿ, ಎಷ್ಟೇ ಸಣ್ಣ ಅನುಮಾನ ಬಂದರೂ ಅದನ್ನು ತಿರುಗಿಸಿ ಹಾಕಬೇಕು. ತಿರುಗಿಸಿದರೆ ಪ್ರೆಸ್ ನಿಲ್ಲುತ್ತದೆ, ಕಾರಣ ತಿಳಿಯುವವರೆಗೂ ನಿಂತಿರುತ್ತದೆ. ನಿಮ್ಮ ಪತ್ರ ಓದಿದ ದಿನವೇ ನಾನು ಅದನ್ನು ತಿರುಗಿಸಿದೆ.

ಅಂದರೆ ನಿಮ್ಮ ಎರಡನೆಯ ಮೂಲ ನೀವೇ ಮಾವ! ನೀವು ಹೇಳಿದಿರಿ ಎಂದು ನಾನು ನಿಲ್ಲಿಸಿದೆ. ನಾನು ನಿಲ್ಲಿಸಿದೆ ಎಂದು ಪತ್ರಿಕೆ ಬರೆಯಿತು. ಪತ್ರಿಕೆ ಬರೆಯಿತು ಎಂದು ನೀವು ನಂಬಿದಿರಿ. ನಿಮ್ಮ ಕೆಳಗೆ ಯಾರಾದರೂ ಇಂಥ ಕೆಲಸ ಮಾಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದಿರಿ.

ನಿಮಗೆ ಯಾಕೆ ಹೇಳಲಿಲ್ಲ ಎಂದರೆ, ಖಚಿತವಾಗದ್ದು ಬರೆಯಬೇಡ ಎಂದವರು ನೀವು. ಅದೇ ಗಟ್ಟಿಯಿಂದ ಕೊಯ್ದ ಇನ್ನೊಂದು ಬಿಲ್ಲೆ ನಮ್ಮ ಹತ್ತಿರ ಇತ್ತು. ಎರಡು ವಾರದಿಂದ ಅದನ್ನು ಕುದಿಸುತ್ತಿದ್ದೇವೆ. ತೂಕ ಕದಲಿಲ್ಲ. ರಂಧ್ರ ಹುಡುಕಿದೆವು, ಇಲ್ಲ. ಅವಳಿಜವಳಿಯಲ್ಲಿ ಒಂದು ಸರಿ, ಇನ್ನೊಂದು ತಪ್ಪು ಹೇಗೆ ಎಂದು ತಲೆ ಕೆಟ್ಟುಹೋಗಿತ್ತು. ಅಷ್ಟರಲ್ಲಿ ನಿಮ್ಮ ಪತ್ರ ಬಂತು. ಕ್ಯಾಂಟೀನಿನಲ್ಲಿ ಕೂತು ಅತ್ತೆಯ ಸಾಲುಗಳಿಗೆ ಬಂದಾಗ ನಾನು ಎದ್ದು ನಿಂತೆ. ಗಟ್ಟಿಯಾಗಿ ಓದಿದೆ. 'ಇವರ ತಲೆ ಥರ' ಎಂಬಲ್ಲಿ ಪೆಪ್ಪರ್‌ಮಿಂಟ್ ಮೇಡಂ ನಕ್ಕು ಪೆಪ್ಪರ್‌ಮಿಂಟನ್ನು ಹಾಗೇ ನುಂಗಿದರು, ಉದ್ದಕೈ ಅವರ ಬೆನ್ನು ತಟ್ಟಬೇಕಾಯಿತು. ಉಸಿರು ಬಂದ ಮೇಲೆ ಅವರು ಹೇಳಿದ ಮೊದಲ ಮಾತು: "ಬೆಳ್ಳಗಾಗಿದೆ ಅಂತ ನಿಮ್ ಮಾವ ಯಾಕ್ ಬರೀಲಿಲ್ಲ?"

ನಾನೂ ಅದನ್ನೇ ಕೇಳುತ್ತೇನೆ. ಯಾಕೆ ಬರೆಯಲಿಲ್ಲ?

ಬಿಲ್ಲೆಯ ಮೇಲಿರುವುದು ನಿಮ್ಮೂರ ಗಡಸು ನೀರಿನ ಸುಣ್ಣ. ನಾನು ಹೇಳಿದೆ ಎಂದು ನಂಬಬೇಡಿ. ವಿನೆಗರಿನಲ್ಲಿ ಮುಳುಗಿಸಿ. ಸುಣ್ಣವಾದರೆ ನೊರೆ ಬಂದು ಕರಗಿಹೋಗುತ್ತದೆ, ಪಿಂಗಾಣಿಗೆ ಏನೂ ಆಗುವುದಿಲ್ಲ. ಆಮೇಲೆ ತೂಗಿಸಿ. ಮೊದಲಿನ ತೂಕ ಬರದಿದ್ದರೆ ಬೇಡ ಎಂದೇ ಹೇಳಿ, ನಾನು ಕೆಂಪು ಹಲಗೆ ಹಾಗೇ ಬಿಡುತ್ತೇನೆ. ನೀವು ಸಮಿತಿಯವರು ಎಂದು ಈಗ ಗೊತ್ತಾದ್ದರಿಂದ, ಇಷ್ಟೂ ವಿಷಯವನ್ನು ಮೇಡಂ ಹನ್ನೊಂದು ಜನಕ್ಕೂ ಬೇರೆಯಾಗಿ ಬರೆದು ಕಳಿಸಿದ್ದಾರೆ.

ಅತ್ತೆಗೆ ಹೊಸ ಕೆಟಲ್ ಈ ಪತ್ರದ ಜೊತೆಗೇ ಹೊರಟಿದೆ.

ಮುಂದಿನ ಹಂತ: ವಿನೆಗರ್.

ಗುಬ್ಬಿ


ಮೇ 26

ಪ್ರೀತಿಯ ಗುಬ್ಬಿ,

ಸಮಿತಿ ಒಪ್ಪಿದೆ. ಹೂಂ ಎಂಟು, ಉಹೂಂ ಮೂರು. ವರದಿಗಾರ ನಾನೇ, ಸ್ಥಳದಲ್ಲಿದ್ದೆ.

ಮೊದಲು ನಿನ್ನ ಪ್ರಶ್ನೆಗೆ ಉತ್ತರ. 'ಬಿಲ್ಲೆ ಬೂದಿ ಬಣ್ಣಕ್ಕೆ ತಿರುಗಿದೆ' ಎಂದು ಏಪ್ರಿಲ್ ಪತ್ರದಲ್ಲಿ ಬರೆದಿದ್ದೆ. ಮತ್ತೊಮ್ಮೆ ಓದುವಾಗ ಹೊಡೆದುಹಾಕಿದೆ. ಬಣ್ಣ ವಿಶೇಷಣ ಅನ್ನಿಸಿತು. ಕೆಟಲಿನ ವಿಚಾರವನ್ನೂ ಹೊಡೆದೆ, ಜಾಗ ತಿನ್ನುವ ವಿವರ ಅನ್ನಿಸಿತು. ನೀರು ನೀರೇ ಎಂದುಕೊಂಡಿದ್ದೆ.

ಪ್ರಯೋಗವನ್ನು ಮನೆಯಲ್ಲಿ ಮಾಡಲಿಲ್ಲ. ಸಭೆಗೇ ಬಿಲ್ಲೆ, ವಿನೆಗರ್, ಗಾಜಿನ ಬಟ್ಟಲು ಒಯ್ದೆ. ನಿನ್ನ ಅತ್ತೆ ಹಳೆಯ ಕೆಟಲ್ ಹಿಡಿದು ಹಿಂದೆ ಬಂದಳು. ಗೆಳೆಯರು ತಕ್ಕಡಿಯನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದರು. ಬಿಲ್ಲೆಯನ್ನು ಎಲ್ಲರ ಮುಂದೆ ವಿನೆಗರಿಗೆ ಹಾಕಿದೆ. ಕೂಡಲೇ ಅದರ ಮೈತುಂಬ ಗುಳ್ಳೆಗಳು ಎದ್ದವು. ಸಮಿತಿಯಲ್ಲಿರುವ ಬಸ್ಸಿನ ಚಾಲಕರು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡರು.

"ಹೆದರ್ಬೇಡಿ," ನಿನ್ನ ಅತ್ತೆ ಅಂದಳು. "ಕೆಟಲಿಗೆ ಹಾಕಿದ್ರೂ ಹಿಂಗೇ ಬರುತ್ತೆ." ಹಾಕಿಯೂ ತೋರಿಸಿದಳು. ಹಾಗೇ ಬಂತು.

"ಅಲ್ಲಮ್ಮ, ವಿನೆಗರಲ್ಲಿ ಹೋಗುತ್ತೆ ಅಂತ ಗೊತ್ತಿದ್ರೆ ಇಷ್ಟು ವರ್ಷ ಯಾಕ್ ಉಜ್ಜಿದ್ರಿ?" ಎಂದು ಔಷಧಿ ಅಂಗಡಿಯಾಕೆ ಕೇಳಿದರು.

"ಗೊತ್ತಾಗಿದ್ದು ಮೊನ್ನೆ, ಗುಬ್ಬಿ ಪತ್ರದಲ್ಲಿ. ಇವರು ಪೇಪರಲ್ಲಿ ಇದೊಂದು ಬಿಟ್ಟು ಮಿಕ್ಕಿದ್ದೆಲ್ಲ ಬರೆದ್ರು."

ಗುಳ್ಳೆ ನಿಂತ ಮೇಲೆ ತೊಳೆದು, ಒಣಗಿಸಿ, ತೂಗಿದೆವು. 31.240. ಗೆಳೆಯರು ಅಂಕಿಯನ್ನು ಚಿನ್ನದ ದರ ಕೂಗಿದಂತೆ ಕೂಗಿದರು. ಬಿಲ್ಲೆ ನೀನು ಕಳಿಸಿದ ದಿನ ಇದ್ದಷ್ಟೇ ಕಪ್ಪಗಿತ್ತು.

ಆಮೇಲೆ ನಾನು ಎದ್ದು ತಿದ್ದುಪಡಿ ಓದಿದೆ. ಬೇರೆಯವರ ತಪ್ಪಿಗೆ ತಿದ್ದುಪಡಿ ಬರೆದು ಬರೆದು ಕೈ ಪಳಗಿದೆ, ನನ್ನದಕ್ಕೆ ಬರೆದದ್ದು ಮೊದಲ ಸಲ. 'ಬಿಲ್ಲೆಯ ತೂಕ ಹೆಚ್ಚಿದೆ ಎಂದು ಈ ಹಿಂದೆ ತಿಳಿಸಲಾಗಿತ್ತು. ಹೆಚ್ಚಿದ್ದು ಕೆಟಲಿನ ಸುಣ್ಣ. ತಪ್ಪಿಗೆ ವಿಷಾದಿಸುತ್ತೇನೆ.' ಜನ ನಗುವುದನ್ನು ನಿಲ್ಲಿಸಲು ಅಧ್ಯಕ್ಷರು ಮೇಜು ಕುಟ್ಟಬೇಕಾಯಿತು. ಉಹೂಂ ಅನ್ನುತ್ತಿದ್ದವರಲ್ಲಿ ಇಬ್ಬರು ಅಲ್ಲೇ ಮನಸ್ಸು ಬದಲಿಸಿದರು. ಕಲ್ಲನ್ನು ನೋಡಿ ಅಲ್ಲವಂತೆ. ನಿವೃತ್ತ ಉಪಸಂಪಾದಕನೊಬ್ಬನ ಒಂದು ಕಾಗದಕ್ಕೆ ಅಷ್ಟು ದೊಡ್ಡ ಯಂತ್ರವನ್ನೇ ನಿಲ್ಲಿಸುವವರು ನಂಬಲು ಯೋಗ್ಯರು ಎಂದು.

ಔಷಧಿ ಅಂಗಡಿಯಾಕೆ ಕೊನೆಗೂ ಉಹೂಂ ಅಂದರು. "ನಂಗೆ ನಂಬಿಕೆ ಬಂದಿದೆ ಸಾರ್. ಆದ್ರೆ ಬೇಡ ಅನ್ನೋರು ಸ್ವಲ್ಪ ಜನ ಇರ್ಲೇಬೇಕು. ಎಲ್ರೂ ಹೂಂ ಅಂದ್ರೆ ಅವರು ಸಡಿಲ ಬಿಡ್ತಾರೆ." ಇದಕ್ಕೂ ಚಪ್ಪಾಳೆ ಬಿತ್ತು.

ಒಪ್ಪಿಗೆಗೆ ಒಂದು ಷರತ್ತಿದೆ. ಗುಡ್ಡದ ಆಳದಲ್ಲಿ ಬ್ಯಾಟರಿ ನೀರು ಹರಿಯುವುದಿಲ್ಲ, ನಮ್ಮ ನೀರೇ ಹರಿಯುತ್ತದೆ. ಆದ್ದರಿಂದ ಬಿಲ್ಲೆಗಳನ್ನು ನಮ್ಮೂರ ನೀರಿನಲ್ಲೂ ಇಟ್ಟು ನೋಡಬೇಕು, ತೂಗುವಾಗ ಊರಿನವರೊಬ್ಬರು ಹಾಜರಿರಬೇಕು.

ಮುಂದಿನ ಹಂತ: ನಿಮ್ಮ ಉತ್ತರ, ಜೂನ್ 5ರ ಒಳಗೆ.

ಮಾವ

ಗುಬ್ಬಿ, ಹೊಸ ಕೆಟಲ್ ಬಂತು. ಚೆನ್ನಾಗಿದೆ. ಇದಕ್ಕೆ ಏನೂ ಹಾಕೋಕೆ ಬಿಡಲ್ಲ. ಇವರು ಈಗ ಎರಡೆರಡು ಸಲ ಬಡಿಸಿಕೊಳ್ತಿದಾರೆ.


ಜೂನ್ 17

ಪ್ರೀತಿಯ ಮಾವ, ಪ್ರೀತಿಯ ಅತ್ತೆ,

ನಿಜವಾದ ತ್ಯಾಜ್ಯದ ಮೊದಲ ಗಟ್ಟಿ ಸಿದ್ಧವಾಗಿದೆ. ವರದಿ ಮಾಡಿದವನು ಉದ್ದಕೈ. ಈ ಸಲ ಮಾತಿನಲ್ಲಿ ಹೇಳಲಿಲ್ಲ.

ಷರತ್ತಿಗೆ ಮೇಡಂ ಒಂದೇ ದಿನದಲ್ಲಿ ಸಹಿ ಹಾಕಿದರು. ನೆಲದಡಿಯ ನೀರಿನ ಪರೀಕ್ಷೆ ನಮ್ಮ ಯೋಜನೆಯಲ್ಲೂ ಇತ್ತು, ಆದರೆ ಮುಂದಿನ ವರ್ಷಕ್ಕೆ. ನಿಮ್ಮಿಂದ ಅದು ಈ ವರ್ಷಕ್ಕೆ ಬಂತು. ಕೆಂಪು ಹಲಗೆಯನ್ನು ನಾನೇ ಮತ್ತೆ ಹಿಂದಕ್ಕೆ ತಿರುಗಿಸಿದೆ.

ಮೊನ್ನೆ ಬೆಳಿಗ್ಗೆ ಡಬ್ಬಿ ಒಳಗೆ ಹೋಯಿತು. ಒತ್ತುವಾಗ ನೋಡಲು ಏನೂ ಇರುವುದಿಲ್ಲ ಮಾವ. ಮುಳ್ಳು ಏರುತ್ತದೆ, ನಿಲ್ಲುತ್ತದೆ, ಇಳಿಯುತ್ತದೆ. ಆದರೂ ಆ ಕೋಣೆಗೆ ಸಂಬಂಧವೇ ಇಲ್ಲದವರೆಲ್ಲ ಏನೋ ಕೆಲಸದ ನೆಪ ಮಾಡಿಕೊಂಡು ಬಂದು ನಿಂತಿದ್ದರು. ಕ್ಯಾಂಟೀನಿನವರು ಮೊಟ್ಟೆಯ ಲೆಕ್ಕ ಕೇಳುವ ನೆಪದಲ್ಲಿ ಬಂದಿದ್ದರು. ಕಾವು ಆರಿದ ಮೇಲೆ ಇವತ್ತು ಉಕ್ಕಿನ ಕೈಗಳು ಡಬ್ಬಿಯನ್ನು ಎತ್ತಿ ಹಳದಿ ಗಾಜಿನ ಮುಂದೆ ತಂದವು. ಅಲ್ಲಿ ಇಡುವ ಬದಲು ಉದ್ದಕೈ ಅದನ್ನು ಹಿಡಿದು ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಗಿಸಿದ, ಹುಟ್ಟಿದ ಮಗುವನ್ನು ನೆಂಟರಿಗೆ ತೋರಿಸುತ್ತಾರಲ್ಲ, ಹಾಗೆ. ಮಡಿಕೆಗಳೆಲ್ಲ ಒಂದರ ಮೇಲೊಂದು ಸಮನಾಗಿ ಕೂತಿದ್ದವು. ಎಲ್ಲೂ ಬಿರುಕಿಲ್ಲ. ಮೇಡಂ ತಮ್ಮ ಪೆಪ್ಪರ್‌ಮಿಂಟ್ ಪೊಟ್ಟಣವನ್ನು ಮೊದಲ ಸಲ ಎಲ್ಲರ ಮುಂದೆ ಚಾಚಿದರು.

ನಾನು ಅತ್ತುಬಿಟ್ಟೆ. ಇದು ಖಚಿತ ಸುದ್ದಿ, ಕಂಡವರಿದ್ದಾರೆ.

ಡಬ್ಬಿಯ ಬಣ್ಣ ಬೂದಿ, ಒಂದು ಬದಿಯಲ್ಲಿ ಸ್ವಲ್ಪ ನೀಲಿ. ನಮ್ಮ ಕೋಣೆಯಲ್ಲಿ ಇನ್ನು ಮುಂದೆ ತೂಕದ ಪಕ್ಕದಲ್ಲಿ ಬಣ್ಣವನ್ನೂ, ಯಾವ ನೀರು ಎಂಬುದನ್ನೂ ಬರೆಯಲೇಬೇಕು ಎಂದು ಮೇಡಂ ಆದೇಶ ಹೊರಡಿಸಿದ್ದಾರೆ. ಆ ಎರಡು ಅಂಕಣಗಳಿಗೆ ಎಲ್ಲರೂ 'ಮಾವನ ಅಂಕಣ' ಅನ್ನುತ್ತಾರೆ.

ನಿಮ್ಮೂರ ನೀರು ಕ್ಯಾನುಗಳಲ್ಲಿ ಬಂದಿದೆ. ಉದ್ದಕೈ ಒಂದು ಲೋಟದಲ್ಲಿ ಚಹಾ ಮಾಡಿ ಕುಡಿದು ಮುಖ ಹಿಂಡಿದ. ಬಿಲ್ಲೆಗಳನ್ನು ಅದರಲ್ಲಿ ಇವತ್ತು ಸಂಜೆ ಮುಳುಗಿಸಿದ್ದೇವೆ. ಊರಿನ ಸಾಕ್ಷಿಯಾಗಿ ಸಮಿತಿ ಸೂಚಿಸಿದ ಹೆಸರು ತಲುಪಿದೆ. ಸಾಕ್ಷಿಯನ್ನು ಆರಿಸುವಾಗ ಎಂಟು ಮತ ಬಂದದ್ದು ಮಾವನಿಗಲ್ಲವಂತೆ, ಅತ್ತೆಗೆ ಎಂದು ಔಷಧಿ ಅಂಗಡಿಯಾಕೆ ಬರೆದಿದ್ದಾರೆ. ಮಾವ ಜೊತೆಗೆ ಬರಬಹುದು.

ಮುಂದಿನ ಹಂತ: ನಿಮ್ಮೂರ ನೀರಿನಲ್ಲಿಟ್ಟ ಬಿಲ್ಲೆಗಳ ಮೊದಲ ತೂಕ, ಜುಲೈ 14, ಬೆಳಿಗ್ಗೆ ಹತ್ತು ಗಂಟೆ. ಹಾಜರಿರುವವರು: ಅತ್ತೆ.

ಗುಬ್ಬಿ